ಯಾವ ಪೈಕಿ? – ಚಿನ್ನದ ಗಣಿ ಊರಿನ ಜನಗಣತಿಯನ್ನು ಓದುವ ಬಗೆ

ನಮ್ಮ ಕೋಲಾರದ ಕಡೆ ಹೊಸಬರು ಸಿಕ್ಕಿದರೆ ಮೊದಲು ಕೇಳುವುದು ‘ಯಾವೂರು?’ ಅಂತ. ಆಮೇಲೆ ಸ್ವಲ್ಪ ಹೊತ್ತು ಮಳೆ ಬೆಳೆ ಮಾತಾಡಿ, ತಡೆಯಲಾರದೆ ಕೇಳುವುದು ‘ಯಾವ ಪೈಕಿ?’ ಅಂತ. ಮೊದಲನೆಯ ಪ್ರಶ್ನೆ ಎರಡನೆಯದಕ್ಕೆ ಪೀಠಿಕೆ. ಸರ್ಕಾರದ ಜನಗಣತಿ ಕೇಳುವುದೂ ಬಹುಮಟ್ಟಿಗೆ ಇವೆರಡನ್ನೇ. ವ್ಯತ್ಯಾಸ ಏನೆಂದರೆ, ಬಸ್‌ಸ್ಟ್ಯಾಂಡಿನಲ್ಲಿ ಕೇಳಿದವನ ಪ್ರಶ್ನೆಯಲ್ಲಿ ಜಾತಿ ಬೆತ್ತಲಾಗಿ ಕಾಣುತ್ತದೆ, ಸರ್ಕಾರದ ಕೋಷ್ಟಕದಲ್ಲಿ ಅದೇ ಜಾತಿ ಅಂಕಿಯ ಬಟ್ಟೆ ಉಟ್ಟುಕೊಂಡು ನಿಲ್ಲುತ್ತದೆ. ಬಟ್ಟೆ ಉಟ್ಟುಕೊಂಡಿದ್ದನ್ನು ನಾವು ಜ್ಞಾನ ಅಂತ ನಂಬುತ್ತೇವೆ.

ದಲಿತ ವಿಮರ್ಶೆ ಎಂದರೆ ಕಥೆ ಕವಿತೆ ಕಾದಂಬರಿಗಳನ್ನು ದಲಿತ ದೃಷ್ಟಿಯಿಂದ ನೋಡುವುದು ಎಂದಷ್ಟೇ ನಾವು ತಿಳಿದುಕೊಂಡು ಬಂದಿದ್ದೇವೆ. ಗೆಜೆಟಿಯರು, ಸೆನ್ಸಸ್ ವರದಿ, ಕಂಪನಿಯ ಹಾಜರಿ ಪುಸ್ತಕ, ಜಾತಿ ಪ್ರಮಾಣಪತ್ರ – ಇವೂ ಪಠ್ಯಗಳೇ. ಕಾದಂಬರಿಯಲ್ಲಿ ನಮ್ಮನ್ನು ತಪ್ಪಾಗಿ ಚಿತ್ರಿಸಿದರೆ ಮನಸ್ಸಿಗೆ ನೋವಾಗುತ್ತದೆ. ಈ ಪಠ್ಯಗಳಲ್ಲಿ ತಪ್ಪಾಗಿ ಬರೆದರೆ ಅನ್ನ ಹೋಗುತ್ತದೆ. ಹಾಗಾಗಿ ಈ ಲೇಖನದಲ್ಲಿ ನಾನು ಒಂದು ಸಣ್ಣ ಊರಿನ ಜನಸಂಖ್ಯೆಯನ್ನು ಪಠ್ಯದ ಹಾಗೆ ಓದಲು ಹೊರಟಿದ್ದೇನೆ. ಆ ಊರು ಕೋಲಾರ ಚಿನ್ನದ ಗಣಿ, ನಮ್ಮ ಜನರ ಬಾಯಲ್ಲಿ ಕೆ.ಜಿ.ಎಫ್. ನಾನು ಈ ಸೀಮೆಯ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವವನು. ನನ್ನ ಪ್ರಮಾಣಪತ್ರದಲ್ಲಿ ‘ಆದಿ ಕರ್ನಾಟಕ’ ಅಂತಿದೆ. ಕೆ.ಜಿ.ಎಫ್.ನಿಂದ ಬರುವ ನನ್ನ ಎಷ್ಟೋ ವಿದ್ಯಾರ್ಥಿಗಳ ಪ್ರಮಾಣಪತ್ರದಲ್ಲಿ ‘ಆದಿ ದ್ರಾವಿಡ’ ಅಂತಿದೆ. ಈ ಎರಡು ‘ಆದಿ’ಗಳ ನಡುವೆ ಏನಿದೆ ಎನ್ನುವುದೇ ನನ್ನ ಪ್ರಶ್ನೆ.

1

ಅಂಕಿಯಿಂದಲೇ ಶುರು ಮಾಡೋಣ. 1891ರಲ್ಲಿ ಈ ಗಣಿ ಪ್ರದೇಶದ ಜನಸಂಖ್ಯೆ ಏಳು ಸಾವಿರದ ಆಸುಪಾಸಿನಲ್ಲಿತ್ತು. 1901ಕ್ಕೆ ಅದು 38,204 ಆಯಿತು. ಹತ್ತೇ ವರ್ಷದಲ್ಲಿ ಐದು ಪಟ್ಟಿಗೂ ಮಿಗಿಲು. ಜಿಲ್ಲಾ ಕೇಂದ್ರವಾದ ಕೋಲಾರವನ್ನು ಈ ಊರು ಎಲ್ಲೋ ಹಿಂದಕ್ಕೆ ಬಿಟ್ಟು ಬೆಳೆದುಬಿಟ್ಟಿತು. ಊರುಗಳು ಹೀಗೆ ಬೆಳೆಯುವುದು ಹೆರಿಗೆಯಿಂದಲ್ಲ, ವಲಸೆಯಿಂದ. ಜನ ಬರಲಿಲ್ಲ, ಜನರನ್ನು ತರಲಾಯಿತು.

ಹಿನ್ನೆಲೆ ಗೊತ್ತಿರುವುದೇ. ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ ಐರಿಷ್ ಮಾಜಿ ಸೈನಿಕ ಲವೆಲ್ 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಗಣಿ ಹಕ್ಕು ಪಡೆದ. ಅವನಿಂದ ಅದು ಮದ್ರಾಸು ಬೆಂಗಳೂರುಗಳ ಸೈನ್ಯಾಧಿಕಾರಿಗಳ ಕೂಟಕ್ಕೆ ಹೋಯಿತು. 1880ರ ಹೊತ್ತಿಗೆ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೈಹಾಕಿತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ, ಬಾಲಘಾಟ್ ಎಂದು ಗಣಿಗಳೆದ್ದವು. 1894ರಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರು ತಂತಿ ಎಳೆದು ವಿದ್ಯುತ್ ತಂದರು. ಮೈಸೂರು ಅರಮನೆಗೂ ಬೆಂಗಳೂರು ನಗರಕ್ಕೂ ಮುಂಚೆ ಕರೆಂಟು ಬಂದಿದ್ದು ಇಲ್ಲಿಗೆ. ಹೊಸದಾಗಿ ಕಟ್ಟಿದ ಪೇಟೆಗೆ ಬ್ರಿಟಿಷ್ ರೆಸಿಡೆಂಟ್ ಡೊನಾಲ್ಡ್ ರಾಬರ್ಟ್‌ಸನ್ ಹೆಸರಿಟ್ಟು ರಾಬರ್ಟ್‌ಸನ್‌ಪೇಟೆ ಮಾಡಿದರು. ಆಧುನಿಕತೆಯ ಈ ಕಥೆಯನ್ನು ನಮ್ಮ ಪಠ್ಯಪುಸ್ತಕ ಹೆಮ್ಮೆಯಿಂದ ಹೇಳುತ್ತದೆ. ದೀಪ ಹತ್ತಿದ್ದನ್ನು ಹೇಳುತ್ತದೆ, ದೀಪ ಹಿಡಿದು ಕೆಳಗಿಳಿದವರು ಯಾವ ಪೈಕಿ ಅಂತ ಹೇಳುವುದಿಲ್ಲ. ಇಂಥ ಕಡೆ ಮಾತ್ರ ಆ ಪ್ರಶ್ನೆ ಮರೆತುಹೋಗುತ್ತದೆ.

ಇಳಿದವರಲ್ಲಿ ಬಹುಪಾಲು ಮದ್ರಾಸು ಪ್ರಾಂತ್ಯದ ಉತ್ತರ ಆರ್ಕಾಟಿನ ಪರೆಯರು. ಇವತ್ತಿನ ವೇಲೂರು, ತಿರುವಣ್ಣಾಮಲೈ, ರಾಣಿಪೇಟೆ ಸೀಮೆಯ ಭೂಹೀನ ಜೀತದ ಆಳುಗಳು. 1876–78ರ ಮಹಾಕ್ಷಾಮ ಆ ಸೀಮೆಯನ್ನೂ ನಮ್ಮ ಸೀಮೆಯನ್ನೂ ಒಟ್ಟಿಗೇ ಬಡಿದಿತ್ತು. ಸತ್ತವರು ಸತ್ತರು, ಉಳಿದವರು ಮೇಸ್ತ್ರಿಗಳ ಕೈಯಿಂದ ಮುಂಗಡ ಹಣ ತೆಗೆದುಕೊಂಡು ಸಿಲೋನಿನ ಚಹಾ ತೋಟಕ್ಕೆ, ಬರ್ಮಾಕ್ಕೆ, ನಟಾಲಿಗೆ ಹೋದರು. ಕೆಲವರು ರೈಲು ಹತ್ತಿ, ಕೆಲವರು ಕಾಲ್ನಡಿಗೆಯಲ್ಲಿ, ಘಟ್ಟ ಹತ್ತಿ ಇಲ್ಲಿಗೆ ಬಂದರು. ಕಂಪನಿಗೆ ಬೇಕಾಗಿದ್ದೂ ಇಂಥವರೇ. ಸುತ್ತಲ ಹಳ್ಳಿಯವನಾದರೆ ಬಿತ್ತನೆ ಬಂತು, ಜಾತ್ರೆ ಬಂತು ಅಂತ ಊರಿಗೆ ಹೋಗಿಬಿಡುತ್ತಾನೆ. ಹೋಗಲು ಊರೇ ಇಲ್ಲದವನು ಎಲ್ಲಿಗೆ ಹೋದಾನು?

2

1901ರ ಸೆನ್ಸಸ್ಸಿನಲ್ಲಿ ಒಂದು ಕೋಷ್ಟಕದ ತಲೆಬರಹ ಹೀಗಿದೆ: ‘ಜಾತಿ, ಬುಡಕಟ್ಟು, ಜನಾಂಗ ಅಥವಾ ರಾಷ್ಟ್ರೀಯತೆ’. ನಾಲ್ಕು ಬೇರೆ ಬೇರೆ ಸಂಗತಿಗಳನ್ನು ‘ಅಥವಾ’ ಎಂಬ ಒಂದು ಪದ ಸಲೀಸಾಗಿ ಕಟ್ಟಿಹಾಕಿದೆ. ಬಿಳಿಯನಿಗೆ ಜನಾಂಗ, ನಮಗೆ ಜಾತಿ. ಅವನಿಗೆ ರಾಷ್ಟ್ರ, ಕಾಡಿನವನಿಗೆ ಬುಡಕಟ್ಟು. ಎಲ್ಲವೂ ಒಂದೇ ಪಟ್ಟಿ. ಈ ಪಟ್ಟಿ ಕಾಗದದ ಮೇಲೆ ಅಡ್ಡಲಾಗಿ ಮಲಗಿತ್ತು. ಕೆ.ಜಿ.ಎಫ್.ನಲ್ಲಿ ಅದು ಎದ್ದು ನೆಟ್ಟಗೆ ನಿಂತಿತು.

ಮೇಲೆ ಬಂಗಲೆಗಳಲ್ಲಿ ಇಂಗ್ಲಿಷ್ ಮ್ಯಾನೇಜರುಗಳು. ಅವರ ಕೆಳಗೆ ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಬಂದ ಗಣಿ ಕ್ಯಾಪ್ಟನ್ನುಗಳು, ತಮ್ಮ ದೇಶದ ತವರದ ಗಣಿಗಳು ಸೋತ ಮೇಲೆ ಪ್ರಪಂಚವೆಲ್ಲ ಹರಡಿದವರು. ಅವರ ಜೊತೆಗೆ ಒಂದಷ್ಟು ಇಟಾಲಿಯನ್ನರು – ಬಿಳಿಯರೇ, ಆದರೆ ಇಂಗ್ಲಿಷರಷ್ಟು ಬಿಳಿಯರಲ್ಲ. ಆಮೇಲೆ ಯುರೇಷಿಯನ್ನರು, ಅಂದರೆ ಆಂಗ್ಲೋ ಇಂಡಿಯನ್ನರು: ವರ್ಕ್‌ಶಾಪು, ಯಂತ್ರ, ಉಸ್ತುವಾರಿ. ನೆಲದ ಮೇಲಿನ ಕೂಲಿಗೆ ಸುತ್ತಲ ಹಳ್ಳಿಗಳ ಮತ್ತು ಚಿತ್ತೂರು ಕಡೆಯ ತೆಲುಗು, ಕನ್ನಡ ಮಾತಿನ ಜನ. ಪೇಟೆಯಲ್ಲಿ ಮೊದಲಿಯಾರರ, ಮುಸಲ್ಮಾನರ ಅಂಗಡಿಗಳು, ಮಾರ್ವಾಡಿಗಳ ಗಿರವಿ ಅಂಗಡಿಗಳು. ಎಲ್ಲರಿಗಿಂತ ಕೆಳಗೆ, ಅಕ್ಷರಶಃ ಕೆಳಗೆ, ನೆಲದೊಳಗೆ ಪರೆಯರು.

ಮನುಧರ್ಮಶಾಸ್ತ್ರ ಹೇಳಿದ್ದು ಮೇಲು ಕೀಳು ಅಂತ, ಆದರೆ ಅಲ್ಲಿ ಅದು ರೂಪಕ. ಇಲ್ಲಿ ಅದಕ್ಕೆ ಅಳತೆ ಇತ್ತು. ಚಾಂಪಿಯನ್ ರೀಫ್‌ನ ಆಳ ಮೂರು ಕಿಲೋಮೀಟರು ದಾಟಿತ್ತು. ಪ್ರಪಂಚದ ಅತಿ ಆಳದ ಗಣಿಗಳಲ್ಲಿ ಇದೂ ಒಂದು. ಕೆಳಗೆ ಹೋದಷ್ಟೂ ಕಾವು, ಹೋದಷ್ಟೂ ಬಂಡೆ ಸಿಡಿತ. ಬದುಕಿ ಬಂದವನ ಶ್ವಾಸಕೋಶದೊಳಗೆ ಕಲ್ಲಿನ ಪುಡಿ. ಅದಕ್ಕೆ ಸಿಲಿಕೋಸಿಸ್ ಅಂತ ಹೆಸರಿಟ್ಟು ಪರಿಹಾರದ ಮಾತಾಡುವ ಹೊತ್ತಿಗೆ ಒಂದೆರಡು ತಲೆಮಾರು ಕೆಮ್ಮಿ ಕೆಮ್ಮಿ ಮುಗಿದುಹೋಗಿತ್ತು.

ಹಾಗಂತ ಬಿಳಿಯರು ಬಂದು ನಮ್ಮಲ್ಲಿ ಭೇದ ಹುಟ್ಟಿಸಿದರು ಎನ್ನುವ ಸುಲಭದ ವಾದವನ್ನು ನಾನು ಒಪ್ಪುವುದಿಲ್ಲ. ಆ ವಾದ ನಮ್ಮ ಮೇಲ್ಜಾತಿಗಳಿಗೆ ಬಹಳ ಪ್ರಿಯ, ಯಾಕೆಂದರೆ ಅದು ಅವರನ್ನು ಬಿಡುಗಡೆ ಮಾಡುತ್ತದೆ. ಕಂಪನಿ ಜಾತಿಯನ್ನು ಹುಟ್ಟಿಸಲಿಲ್ಲ, ಸಿದ್ಧವಾಗಿದ್ದ ಸರಕನ್ನು ಕೊಂಡುಕೊಂಡಿತು. ಕೊಳಕು ಕೆಲಸ, ಅಪಾಯದ ಕೆಲಸ ಯಾರು ಮಾಡಬೇಕು ಎನ್ನುವುದನ್ನು ಉತ್ತರ ಆರ್ಕಾಟಿನ ಊರು ಮೊದಲೇ ತೀರ್ಮಾನ ಮಾಡಿ ಕಳಿಸಿತ್ತು. ಜನಾಂಗಭೇದ ಮೇಲಿನ ಮಹಡಿ ಕಟ್ಟಿತು, ತಳಪಾಯ ಜಾತಿಯದೇ.

ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಇಷ್ಟೆಲ್ಲ ಇದ್ದರೂ ಜನ ಬಂದರು, ಬಂದವರು ತಮ್ಮ ನೆಂಟರನ್ನೂ ಕರೆಸಿಕೊಂಡರು. ಯಾಕೆ? ಊರಲ್ಲಿ ಕೂಲಿಗೆ ಬದಲು ಹಳಸಲು ಗಂಜಿ, ಇಲ್ಲಿ ಕೈಗೆ ಕಾಸು. ಊರಲ್ಲಿ ಚಪ್ಪಲಿ ಮೆಟ್ಟಿ ಬೀದಿಯಲ್ಲಿ ಓಡಾಡುವ ಹಾಗಿಲ್ಲ, ಇಲ್ಲಿ ಬೂಟು. ತಡಿಕೆ ಗೋಡೆಯ ಗುಡಿಸಲ ಸಾಲುಗಳು – ಅವಕ್ಕೆ ‘ಲೈನು’ ಅನ್ನುತ್ತಾರೆ – ಅಲ್ಲಿ ಪಕ್ಕದ ಮನೆಯವನೂ ನಮ್ಮವನೇ. ಊರ ಗೌಡನೂ ಇಲ್ಲ, ಅಗ್ರಹಾರವೂ ಇಲ್ಲ. ನರಕವೇ ಸರಿ, ಆದರೆ ಊರಿನ ಯಜಮಾನಿಕೆ ಇಲ್ಲದ ನರಕ. ಈ ಇಬ್ಬಂದಿತನವನ್ನು ಹಿಡಿಯದ ಯಾವ ಇತಿಹಾಸವೂ ಕೆ.ಜಿ.ಎಫ್.ನ ಇತಿಹಾಸವಾಗುವುದಿಲ್ಲ.

3

ಜನಾಂಗವೋ ಜಾತಿಯೋ ಎನ್ನುವ ಚರ್ಚೆ 2001ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್ನಿನಲ್ಲಿ ವಿಶ್ವಸಂಸ್ಥೆಯ ಸಮ್ಮೇಳನ ನಡೆದಾಗ ದೊಡ್ಡದಾಗಿ ಎದ್ದಿತ್ತು. ಜಾತಿ ಜನಾಂಗಭೇದವಲ್ಲ, ಅದು ನಮ್ಮ ಮನೆಯ ವಿಷಯ ಎಂದು ಭಾರತ ಸರ್ಕಾರ ಹಟ ಹಿಡಿಯಿತು. ದಲಿತ ಸಂಘಟನೆಗಳು ಒಪ್ಪಲಿಲ್ಲ. ಈ ಚರ್ಚೆಗೆ ನೂರು ವರ್ಷದ ಹಿನ್ನೆಲೆಯಿದೆ. 1901ರ ಸೆನ್ಸಸ್ ಕಮಿಷನರ್ ರಿಸ್ಲಿ ಮೂಗಿನ ಉದ್ದಗಲ ಅಳೆದು ಜಾತಿಯ ಮೂಲ ಜನಾಂಗದಲ್ಲಿದೆ ಎಂದು ಸಾಧಿಸಲು ಹೊರಟವನು. ಮದ್ರಾಸಿನಲ್ಲಿ ಥರ್ಸ್ಟನ್ ಅದೇ ಕೆಲಸ ಮಾಡಿದ. ನಮ್ಮ ಮೈಸೂರಿನಲ್ಲೂ ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರ ಬುಡಕಟ್ಟು ಮತ್ತು ಜಾತಿಗಳ ಸಂಪುಟಗಳು ಈ ಶಾಸ್ತ್ರವನ್ನು ಮುಂದುವರೆಸಿದವು. ದೇವಸ್ಥಾನದೊಳಕ್ಕೆ ಬಿಡದೆ ಹೊರಗೆ ನಿಲ್ಲಿಸಿದವನನ್ನು ಮೂಗು ಅಳೆಯಲು ಮಾತ್ರ ಹತ್ತಿರ ಕರೆದರು.

ಇದಕ್ಕೆ ಸರಿಯಾದ ಉತ್ತರ ಕೊಟ್ಟವರು ಅಂಬೇಡ್ಕರ್. 1948ರ ‘ದಿ ಅನ್‌ಟಚಬಲ್ಸ್’ ಪುಸ್ತಕದಲ್ಲಿ ಅವರು ಅದೇ ಮೂಗಿನ ಅಂಕಿಗಳನ್ನೇ ಎತ್ತಿಕೊಂಡು ವಾದ ತಿರುಗಿಸಿದರು: ಈ ಅಳತೆಗಳನ್ನು ನಂಬುವುದಾದರೆ ಬ್ರಾಹ್ಮಣನೂ ಅಸ್ಪೃಶ್ಯನೂ ಒಂದೇ ಜನಾಂಗ, ಹಾಗಾದರೆ ಅಸ್ಪೃಶ್ಯತೆ ರಕ್ತದಿಂದ ಬಂದಿದ್ದಲ್ಲ, ಇತಿಹಾಸದಿಂದ ಬಂದಿದ್ದು. ರಕ್ತದಿಂದ ಬಂದಿದ್ದನ್ನು ಬದಲಾಯಿಸಲಾಗದು. ಇತಿಹಾಸದಿಂದ ಬಂದಿದ್ದನ್ನು ಕೆಡವಬಹುದು. ಆ ಪುಸ್ತಕವನ್ನು ಅವರು ಅರ್ಪಿಸಿದ್ದು ನಂದನಾರ್, ರವಿದಾಸ್, ಚೋಖಾಮೇಳ ಎಂಬ ಮೂವರು ಸಂತರಿಗೆ. ಮೊದಲ ಹೆಸರಿನ ನಂದನಾರ್ ತಮಿಳು ಸೀಮೆಯ ಪರೆಯ. ಗಣಿಗೆ ಇಳಿದವರ ಪೈಕಿ.

ಜನಾಂಗ ಎನ್ನುವುದು ರಕ್ತದ ಮಾತಲ್ಲ, ಲೆಕ್ಕ ಬರೆಯುವವನ ಮಾತು ಎನ್ನುವುದಕ್ಕೆ ಕೆ.ಜಿ.ಎಫ್.ನ ಆಂಗ್ಲೋ ಇಂಡಿಯನ್ನರಿಗಿಂತ ಸಾಕ್ಷಿ ಬೇಡ. 1911ರವರೆಗೆ ಸೆನ್ಸಸ್ ಅವರನ್ನು ಯುರೇಷಿಯನ್ ಅನ್ನುತ್ತಿತ್ತು. ಆ ವರ್ಷ ಸರ್ಕಾರ ಆಂಗ್ಲೋ ಇಂಡಿಯನ್ ಎಂದು ಹೆಸರು ಬದಲಿಸಿತು. ರಾತ್ರಿ ಒಂದು ಜನಾಂಗ, ಬೆಳಿಗ್ಗೆ ಇನ್ನೊಂದು! 1935ರ ಕಾಯ್ದೆ ಇದಕ್ಕೊಂದು ವ್ಯಾಖ್ಯೆ ಕೊಟ್ಟಿತು, ನಮ್ಮ ಸಂವಿಧಾನದ 366ನೇ ವಿಧಿಯೂ ಅದನ್ನು ಉಳಿಸಿಕೊಂಡಿತು: ತಂದೆಯ ಕಡೆಯ ಪೂರ್ವಿಕ ಯುರೋಪಿಯನ್ನನಾಗಿರಬೇಕು. ತಾಯಿ ಯಾರು, ಎತ್ತ ಎನ್ನುವುದು ಲೆಕ್ಕಕ್ಕೇ ಇಲ್ಲ. ತಂದೆ ಯುರೋಪಿಯನ್ನನಾಗಿ ತಾಯಿ ಪರೆಯಳಾಗಿದ್ದರೆ ಮಗು ಆಂಗ್ಲೋ ಇಂಡಿಯನ್, ತಂದೆ ಪರೆಯನಾಗಿ ತಾಯಿ ಯುರೋಪಿಯನ್ನಳಾಗಿದ್ದರೆ ಅಲ್ಲ. ಜಾತಿಯೂ ಹೀಗೇ ತಂದೆಯ ಹೆಸರಿನಲ್ಲಿ ಹರಿಯುತ್ತದೆ. ಮನುವಿಗೂ ಸೆನ್ಸಸ್ ಸಾಹೇಬನಿಗೂ ಈ ಒಂದು ವಿಷಯದಲ್ಲಿ ಜಗಳವೇ ಇಲ್ಲ. ಎಷ್ಟೋ ತಾಯಂದಿರು ಈ ಕಾಲಂಗಳ ನಡುವಿನ ಗೆರೆಯೊಳಗೆ ಕಳೆದುಹೋಗಿದ್ದಾರೆ. ನಮ್ಮ ದಲಿತ ಇತಿಹಾಸವೂ ಅವರನ್ನು ಹುಡುಕಿಕೊಂಡು ಹೋಗಿಲ್ಲ.

4

ಇಲ್ಲಿಯವರೆಗೆ ಬೇರೆಯವರು ಇಟ್ಟ ಹೆಸರುಗಳ ಮಾತಾಯಿತು. ತಾವೇ ತಮಗೆ ಹೆಸರಿಟ್ಟುಕೊಂಡ ಕಥೆಯೂ ಈ ಊರಿನದೇ, ಮತ್ತು ನನ್ನ ಮಟ್ಟಿಗೆ ಇದೇ ಮುಖ್ಯ.

ಪಂಡಿತ ಅಯೋಧ್ಯಾದಾಸರು – ತಮಿಳಿನಲ್ಲಿ ಅಯೋತ್ತಿದಾಸರ್ – 1845ರಲ್ಲಿ ಹುಟ್ಟಿದವರು, ಸಿದ್ಧವೈದ್ಯರು. ಪರೆಯರು ಮೂಲದಲ್ಲಿ ಬೌದ್ಧರು, ಜಾತಿಯಿಲ್ಲದ ದ್ರಾವಿಡರು, ಬ್ರಾಹ್ಮಣಶಾಹಿಗೆ ತಲೆಬಾಗದಿದ್ದಕ್ಕೆ ಅಸ್ಪೃಶ್ಯರಾದವರು ಎಂಬುದು ಅವರ ವಾದ. ಅಂಬೇಡ್ಕರರ ಪುಸ್ತಕಕ್ಕೆ ನಾಲ್ಕು ದಶಕ ಮುಂಚಿನ ಮಾತಿದು. 1898ರಲ್ಲಿ ಸಿಲೋನಿಗೆ ಹೋಗಿ ಪಂಚಶೀಲ ಸ್ವೀಕರಿಸಿ ಬಂದು ಮದ್ರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದರು. 1907ರಲ್ಲಿ ‘ಒರು ಪೈಸಾ ತಮಿಳನ್’ ವಾರಪತ್ರಿಕೆ ಶುರು ಮಾಡಿದರು. ಜನಗಣತಿಯವನು ಬಂದಾಗ ನಾವು ಹಿಂದೂಗಳು ಅಂತ ಬರೆಸಬೇಡಿ ಎಂದು ತಮ್ಮ ಜನಕ್ಕೆ ತಿಳಿಹೇಳಿದವರು. ಅಂದರೆ ಸೆನ್ಸಸ್ ಎನ್ನುವುದು ಹೋರಾಟದ ಕಣ ಎಂದು ನಮ್ಮಲ್ಲಿ ಮೊದಲು ಕಂಡುಕೊಂಡವರಲ್ಲಿ ಒಬ್ಬರು.

ಈ ಸಂಘದ ಗಟ್ಟಿ ಶಾಖೆಗಳಿದ್ದದ್ದು ಕೆ.ಜಿ.ಎಫ್.ನಲ್ಲಿ: ಮಾರಿಕುಪ್ಪದಲ್ಲಿ, ಚಾಂಪಿಯನ್ ರೀಫ್ಸ್‌ನಲ್ಲಿ. 1914ರಲ್ಲಿ ಅಯೋಧ್ಯಾದಾಸರು ತೀರಿಕೊಂಡ ಮೇಲೆ ಚಳುವಳಿಯ ಉಸಿರು ಉಳಿದದ್ದು ಇಲ್ಲಿ. 1926ರಿಂದ ‘ತಮಿಳನ್’ ಪತ್ರಿಕೆ ಜಿ. ಅಪ್ಪಾದುರೈಯಾರ್ ಸಂಪಾದಕತ್ವದಲ್ಲಿ ಕೆ.ಜಿ.ಎಫ್.ನಿಂದಲೇ ಮತ್ತೆ ಹೊರಬಂತು. ಚಾಂಪಿಯನ್ ರೀಫ್ಸ್‌ನ ಸಿದ್ಧಾರ್ಥ ಪುತ್ತಕಶಾಲೆ ಪಂಡಿತರ ಬರಹಗಳನ್ನು ಅಚ್ಚು ಹಾಕಿತು. ಸ್ವಲ್ಪ ಯೋಚಿಸಿ ನೋಡಿ: ಪಾಳಿ ಮುಗಿಸಿ, ಮೈಯ ಕಲ್ಲುಪುಡಿ ತೊಳೆದು, ಲೈನಿನ ಮಂಕುದೀಪದಲ್ಲಿ ಬುದ್ಧನ ಚರಿತ್ರೆ ಓದಿಸಿ ಕೇಳುವ ಜನ. ಆ ಹೊತ್ತಿಗೆ ಕನ್ನಡದಲ್ಲಿ ನವೋದಯ. ಬೆಟ್ಟದಾಚೆಗೆ ಸೂರ್ಯೋದಯ ಹುಡುಕುತ್ತಿದ್ದ ನಮ್ಮ ಕವಿಗಳಿಗೆ ಬೆಂಗಳೂರಿನಿಂದ ನೂರು ಕಿಲೋಮೀಟರಿನೊಳಗಿನ ಈ ಬೆಳಕು ಕಾಣಲಿಲ್ಲ.

ಇದೇ ಜನ 1930ರಲ್ಲಿ ಇನ್ನೊಂದು ರೀತಿಯ ಎಣಿಕೆಯನ್ನು ಎದುರಿಸಿದರು. ಕಂಪನಿಗಳು ಕಾರ್ಮಿಕರ ಬೆರಳಚ್ಚು ತೆಗೆದು ದಾಖಲೆ ಇಡಲು ಹೊರಟವು. ಒಂದು ಗಣಿಯಲ್ಲಿ ಕೆಲಸ ಕಳಕೊಂಡವನು ಬೇರೆ ಹೆಸರು ಹೇಳಿ ಇನ್ನೊಂದು ಗಣಿಗೆ ಸೇರುವುದನ್ನು ತಪ್ಪಿಸುವುದು ಇದರಲ್ಲಿದ್ದ ಹಂಚಿಕೆ. ಹೆಸರು ಬದಲಿಸುವುದು ಬಡವನಿಗಿದ್ದ ಒಂದೇ ಸ್ವಾತಂತ್ರ್ಯ, ಅದಕ್ಕೂ ಕೈಹಾಕಿದರು. ಬೆರಳಚ್ಚು ಎಂದರೆ ಕಳ್ಳರ ಗುರುತು ಎಂಬ ಅವಮಾನ ಬೇರೆ. ಮೊದಲೇ ಗಣಿ ಕಾನೂನು ಕಾರ್ಮಿಕನನ್ನು ಕಳ್ಳನೆಂದೇ ಎಣಿಸಿತ್ತು. ಯೂನಿಯನ್ ಇರಲಿಲ್ಲ, ಹೆಸರಾಂತ ನಾಯಕನಿರಲಿಲ್ಲ, ಆದರೂ ಸಾವಿರಾರು ಜನ ಕೆಲಸ ನಿಲ್ಲಿಸಿ ಗಣಿಗಳನ್ನು ಸ್ತಬ್ಧ ಮಾಡಿದರು. ಅಯೋಧ್ಯಾದಾಸರು ಸರಿಯಾದ ಹೆಸರು ಬರೆಸಿ ಎಂದರು. ಈ ಕಾರ್ಮಿಕರು ನಮ್ಮ ಗುರುತನ್ನು ನೀವು ಬರೆಯಬೇಡಿ ಎಂದರು. ಎರಡೂ ಒಂದೇ ಹೋರಾಟದ ಎರಡು ಮುಖ.

ಆಮೇಲೆ ಕಮ್ಯುನಿಸ್ಟರು ಬಂದರು. ಕೆ.ಎಸ್. ವಾಸನ್, ವಿ.ಎಂ. ಗೋವಿಂದನ್ ಯೂನಿಯನ್ ಕಟ್ಟಿದರು. 1946ರ ಮುಷ್ಕರದಲ್ಲಿ ಪೋಲೀಸರ ಗುಂಡಿಗೆ ಕಾರ್ಮಿಕರು ಸತ್ತರು. ಶೆಡ್ಯೂಲ್ಡ್ ಕ್ಯಾಸ್ಟ್ಸ್ ಫೆಡರೇಷನ್, ಅದರ ಬೆನ್ನಿಗೆ ರಿಪಬ್ಲಿಕನ್ ಪಾರ್ಟಿ ಬೇರು ಬಿಟ್ಟವು. ಸಿ.ಎಂ. ಆರ್ಮುಗಂ, ಎಸ್. ರಾಜೇಂದ್ರನ್ ಥರದವರು ಅಂಬೇಡ್ಕರರ ಪಕ್ಷದಿಂದ ಗೆದ್ದು ವಿಧಾನಸಭೆಗೆ ಹೋದರು. ಕರ್ನಾಟಕದಲ್ಲಿ ಆನೆಯ ಗುರುತು, ನೀಲಿ ಬಾವುಟ ಎಂದಾಗ ನಮ್ಮ ನೆನಪು ಎಲ್ಲೆಲ್ಲಿಗೋ ಹೋಗುತ್ತದೆ, ಇಲ್ಲಿಗೆ ಬರುವುದಿಲ್ಲ.

5

ಯಾಕೆ ಬರುವುದಿಲ್ಲ ಎನ್ನುವುದೇ ನಮ್ಮ ಚಳುವಳಿಯ ಗೆಳೆಯರೊಂದಿಗೆ ನನ್ನ ತಕರಾರು. ಕನ್ನಡದ ಮಟ್ಟಿಗೆ ಕೆ.ಜಿ.ಎಫ್. ಅಂದರೆ ‘ತಮಿಳರ ಊರು’. ಈ ಒಂದು ಭಾಷೆಯ ಹೆಸರು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ನೋಡಿ. ಪರೆಯ ಅಂದರೆ ಅಸ್ಪೃಶ್ಯತೆಯ ಲೆಕ್ಕ ಒಪ್ಪಿಸಬೇಕಾಗುತ್ತದೆ, ಕಾರ್ಮಿಕ ಅಂದರೆ ಕೂಲಿಯ ಲೆಕ್ಕ. ತಮಿಳ ಅಂದುಬಿಟ್ಟರೆ ಯಾವ ಲೆಕ್ಕವೂ ಇಲ್ಲ, ‘ಹೊರಗಿನವರು’ ಅಂದರಾಯಿತು. ಆ ಕಡೆ ತಮಿಳು ಅಭಿಮಾನದ ರಾಜಕೀಯವೂ ಇದೇ ಹೆಸರಿನಡಿ ಜಾತಿಯನ್ನು ಮುಚ್ಚಿತು. ಎರಡು ಭಾಷೆಗಳ ಮೇಲ್ಜಾತಿಗಳು ಜಗಳವಾಡಿದವು, ನಡುವೆ ಲೈನಿನ ಜನ ಸಿಕ್ಕಿಕೊಂಡರು.

ಹೊರಗಿನವರು ಎನ್ನುವ ಮಾತನ್ನು ಇತಿಹಾಸ ಎಷ್ಟು ಒಪ್ಪುತ್ತದೆ? 1802ರಲ್ಲಿ, ಟಿಪ್ಪು ಸತ್ತು ಮೂರು ವರ್ಷಕ್ಕೆ, ಮೈಸೂರಿನ ಪೂರ್ವದ ಗಡಿ ಅಳೆಯಲು ಲೆಫ್ಟಿನೆಂಟ್ ವಾರನ್ ಈ ಕಡೆ ಬಂದ. ಊರಿಗಾಂ, ಮಾರಿಕುಪ್ಪಗಳಲ್ಲಿ ಚಿನ್ನ ಸಿಗುತ್ತದೆಂದು ಕೇಳಿ ಬಹುಮಾನ ಸಾರಿದ. ಮಾರಿಕುಪ್ಪದಲ್ಲಿ ಅವನು ಕಂಡದ್ದು ಇದು: ಪರೆಯರು ಕುಣಿಯೊಳಗಿಳಿದು ಕಲ್ಲು ಒಡೆದು, ಬುಟ್ಟಿಯಲ್ಲಿ ಕೈಯಿಂದ ಕೈಗೆ ಮೇಲಕ್ಕೆ ದಾಟಿಸುತ್ತಿದ್ದರು. ಹೆಂಗಸರು ಅದನ್ನು ಬಂಡೆಯ ಮೇಲೆ ಕುಟ್ಟಿ ಪುಡಿ ಮಾಡಿ ನೀರಲ್ಲಿ ತೊಳೆದು ಚಿನ್ನ ತೆಗೆಯುತ್ತಿದ್ದರು. ಜಾನ್ ಟೇಲರ್ ಕಂಪನಿಗೆ ಸುಮಾರು ಎಂಬತ್ತು ವರ್ಷ ಮುಂಚೆ! ಈ ನೆಲದ ಚಿನ್ನದ ಬಗ್ಗೆ ಬ್ರಿಟಿಷರ ಮೊದಲ ವಿವರವಾದ ದಾಖಲೆಯಲ್ಲೇ ಈ ಜನರ ಹೆಸರಿದೆ. ಚಿನ್ನದ ವಿದ್ಯೆ ಕಾರ್ನ್‌ವಾಲಿನಿಂದ ಹಡಗಿನಲ್ಲಿ ಬಂತು ಎನ್ನುವವರು ಇದನ್ನು ಓದಲಿ. ಮೈಸೂರಿನ ಗಡಿ, ಮದ್ರಾಸಿನ ಗಡಿ ಎನ್ನುವುದು ಆ ಸರ್ವೆಯವನು ಅವತ್ತು ಎಳೆಯಲು ಬಂದಿದ್ದ ಗೆರೆ. ಆ ಗೆರೆಗಿಂತ ಮುಂಚೆ ಅಲ್ಲಿದ್ದವರನ್ನು ಗೆರೆ ದಾಟಿ ಬಂದವರು ಅನ್ನುವುದು ಹೇಗೆ?

ನಮ್ಮ ದಲಿತ ಸಾಹಿತ್ಯ ಕೂಡ ಇಲ್ಲಿ ಎಡವಿದೆ ಎಂದು ನನ್ನ ಅನಿಸಿಕೆ. 1973ರ ಬೂಸಾ ಪ್ರಕರಣದಿಂದ ದಲಿತ ಸಂಘರ್ಷ ಸಮಿತಿಯವರೆಗೆ, ಅಲ್ಲಿಂದ ಈಚೆಗೆ, ಕನ್ನಡದ ದಲಿತ ಸಂವೇದನೆ ಬೆಳೆದದ್ದು ಹಳ್ಳಿಯನ್ನು ಎದುರಿಟ್ಟುಕೊಂಡು. ಕೇರಿ, ಬಾವಿ, ಗುಡಿ, ಜೀತ, ಗೌಡನ ಹೊಲ – ಇವು ನಮ್ಮ ಪ್ರತಿಮೆಗಳು. ಅದು ಸರಿಯೇ, ನಾವು ಬಂದದ್ದೇ ಅಲ್ಲಿಂದ. 2000ದಲ್ಲಿ ನಮ್ಮ ಜಿಲ್ಲೆಯಲ್ಲೇ ಇದ್ದ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟಾಗ ಹಳ್ಳಿಯ ಮುಖ ಏನೆಂದು ಮತ್ತೆ ಕಂಡಿದ್ದೇವೆ. ಆದರೆ ಕೇರಿಯ ಜೊತೆಗೆ ‘ಲೈನು’ ಕೂಡ ದಲಿತರ ವಿಳಾಸ. ಪಾಳಿ, ಪಂಜರದಂಥ ಲಿಫ್ಟು, ಯೂನಿಯನ್, ಸಿಲಿಕೋಸಿಸ್, ಬುದ್ಧವಿಹಾರ – ಇವೂ ದಲಿತ ಅನುಭವ. ಅದು ತಮಿಳಿನಲ್ಲಿದೆ ಎಂದ ಮಾತ್ರಕ್ಕೆ ಅದು ನಮ್ಮದಲ್ಲವೇ? ಮರಾಠಿಯ ದಲಿತ ಆತ್ಮಕಥೆಗಳನ್ನು ತಲೆಯ ಮೇಲಿಟ್ಟು ಮೆರೆಸಿದ ನಾವು, ನಮ್ಮದೇ ಜಿಲ್ಲೆಯ ತಮಿಳು ದಲಿತನ ಮಾತನ್ನು ಕನ್ನಡಕ್ಕೆ ತರಲು ಎಷ್ಟು ಪ್ರಯತ್ನ ಪಟ್ಟಿದ್ದೇವೆ?

ನಾವು ಬಿಟ್ಟ ಜಾಗವನ್ನು ಸಿನಿಮಾ ತುಂಬಿತು. 2018 ಮತ್ತು 2022ರಲ್ಲಿ ಬಂದ ‘ಕೆ.ಜಿ.ಎಫ್.’ ಚಿತ್ರಗಳು ಈ ಊರಿನ ಹೆಸರನ್ನು ದೇಶಕ್ಕೆಲ್ಲ ಹೊತ್ತುಕೊಂಡು ಹೋದವು. ಹೆಸರು ಮಾತ್ರ. ಅಲ್ಲಿ ಕಾರ್ಮಿಕರೆಂದರೆ ಮಸಿ ಮೆತ್ತಿದ ಗುಲಾಮರ ಗುಂಪು. ಅವರಿಗೆ ಜಾತಿಯಿಲ್ಲ, ಯೂನಿಯನ್ ಇಲ್ಲ, ಪತ್ರಿಕೆ ಇಲ್ಲ, ಬುದ್ಧನಿಲ್ಲ. ಹೊರಗಿಂದ ಒಬ್ಬ ವೀರ ಬರಬೇಕು. 2024ರಲ್ಲಿ ಪಾ. ರಂಜಿತ್ ‘ತಂಗಲಾನ್’ ಮಾಡಿ ಅದೇ ಗಣಿಯ ಕಥೆಯನ್ನು ಪರೆಯರ ಕಡೆಯಿಂದ ಹೇಳಲು ನೋಡಿದರು. ಪುರಾಣ ಹೆಚ್ಚಾಯಿತು ಎಂದವರಿದ್ದಾರೆ. ಇರಲಿ, ಪುರಾಣವನ್ನಾದರೂ ತಮ್ಮದಾಗಿ ಕೇಳುವ ಹಕ್ಕು ಅವರದು.

6

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಲೈನಿನ ಮನೆಗಳು ಹಾಗೇ ಇವೆ, ಸೈನೈಡ್ ಗುಡ್ಡಗಳು ಹಾಗೇ ಇವೆ, ಗಾಳಿ ಬೀಸಿದರೆ ಅದರ ಪುಡಿ ಊಟದ ತಟ್ಟೆಗೆ ಬೀಳುತ್ತದೆ. ಒಂದೂವರೆ ಲಕ್ಷ ದಾಟಿದ ಜನಸಂಖ್ಯೆಯ ಈ ಊರಿನಿಂದ ದಿನಾ ಬೆಳಗಿನ ಜಾವ ಸಾವಿರಾರು ಜನ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗುತ್ತಾರೆ. ಇಂಗ್ಲಿಷರು ಹೋದರು, ಆಂಗ್ಲೋ ಇಂಡಿಯನ್ನರಲ್ಲಿ ಬಹಳ ಮಂದಿ ಆಸ್ಟ್ರೇಲಿಯಾ ಇಂಗ್ಲೆಂಡು ಸೇರಿದರು. ಮೇಲಿನ ಮಹಡಿ ಕಳಚಿಕೊಂಡಿತು, ತಳಪಾಯ ಉಳಿದಿದೆ.

ಈಗ ಪ್ರಮಾಣಪತ್ರದ ಮಾತಿಗೆ ಬರುತ್ತೇನೆ. 1920ರ ದಶಕದಲ್ಲಿ ಮೈಸೂರು ಸಂಸ್ಥಾನದಲ್ಲಿ ಹೊಲೆಯ, ಮಾದಿಗ ಎಂಬ ಹೆಸರುಗಳ ಅವಮಾನ ಕಳೆಯಲು ‘ಆದಿ ಕರ್ನಾಟಕ’, ತಮಿಳು ಮೂಲದವರಿಗೆ ‘ಆದಿ ದ್ರಾವಿಡ’ ಎಂಬ ಹೆಸರುಗಳು ಬಳಕೆಗೆ ಬಂದವು. ಗೌರವದ ಹೆಸರುಗಳು, ನಿಜ. ‘ಆದಿ’ ಅಂದರೆ ನಾವೇ ಮೊದಲಿಗರು ಎಂಬ ಘೋಷಣೆ. ಆದರೆ ಒಂದು ಗೌರವವನ್ನು ಎರಡು ಭಾಷೆಗೆ ಹರಿದು ಹಂಚಿದ ಹಾಗೂ ಆಯಿತು. 1950ರ ರಾಷ್ಟ್ರಪತಿ ಆದೇಶ ಹಿಂದೂಗಳಲ್ಲದವರನ್ನು ಪರಿಶಿಷ್ಟ ಜಾತಿಯಿಂದ ಹೊರಗಿಟ್ಟಿತು. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಬಾಗಿಲು ತೆರೆಯಿತು. ಕ್ರೈಸ್ತರಿಗೆ ಆಗ ತೆರೆಯಲಿಲ್ಲ. ಅಂದರೆ ಅಯೋಧ್ಯಾದಾಸರ ಮಾತು ಕೇಳಿ ಬೌದ್ಧ ಎಂದು ಬರೆಸಿದ್ದವನ ಮೊಮ್ಮಗ, ಮೀಸಲಾತಿ ಬೇಕೆಂದರೆ ನಲವತ್ತು ವರ್ಷ ಕಾಲ ಹಿಂದೂ ಎಂದು ಬರೆಸಬೇಕಾಗಿತ್ತು. ಸೆನ್ಸಸ್ಸಿನಲ್ಲಿ ಈ ಊರಿನ ಹಿಂದೂಗಳ ಸಂಖ್ಯೆ ನೋಡುವಾಗ ಈ ಒತ್ತಾಯವನ್ನೂ ಸೇರಿಸಿ ಓದಬೇಕು. ಅದು ನಂಬಿಕೆಯ ಅಂಕಿಯಲ್ಲ, ಹೊಟ್ಟೆಯ ಅಂಕಿ.

2025ರಲ್ಲಿ ಒಳಮೀಸಲಾತಿಗಾಗಿ ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗ ಸಮೀಕ್ಷೆ ಮಾಡಿದಾಗ ಮೂಲ ಜಾತಿ ಹೇಳದೆ ಆದಿ ಕರ್ನಾಟಕ, ಆದಿ ದ್ರಾವಿಡ, ಆದಿ ಆಂಧ್ರ ಎಂದಷ್ಟೇ ಬರೆಸಿದವರನ್ನು ಒಂದು ಪ್ರತ್ಯೇಕ ಗುಂಪಾಗಿ ತೋರಿಸಿತು. ನೂರು ವರ್ಷದ ಹಿಂದೆ ಅವಮಾನ ಮುಚ್ಚಲು ಹೊದ್ದ ಹೆಸರು ಈಗ ಪಾಲು ಕೇಳಲು ಅಡ್ಡವಾಗಿ ನಿಂತಿದೆ. ನನ್ನ ತರಗತಿಯ ಹುಡುಗಿಯೊಬ್ಬಳು ಆ ದಿನಗಳಲ್ಲಿ ಕೇಳಿದಳು: “ಸಾರ್, ಮನೇಲಿ ಕೇಳಿದ್ರೆ ಯಾರೂ ಬಾಯಿ ಬಿಡಲ್ಲ. ಸಮೀಕ್ಷೆಯವರು ಬಂದ್ರೆ ನಾವು ಏನಂತ ಹೇಳ್ಬೇಕು?” ಅಜ್ಜ ಅವಮಾನಕ್ಕೆ ಮುಚ್ಚಿಟ್ಟದ್ದನ್ನು ಮೊಮ್ಮಗಳು ಸರ್ಕಾರಕ್ಕೆ ಬಿಚ್ಚಿ ಹೇಳಬೇಕಾದ ಪರಿಸ್ಥಿತಿ. ಪಾಠದ ಪುಸ್ತಕದಲ್ಲಿ ಇದಕ್ಕೆ ಉತ್ತರವಿಲ್ಲ. ಹೆಸರಿನ ಇತಿಹಾಸ ಗೊತ್ತಿದ್ದರೆ ಮಾತ್ರ ಆ ಹುಡುಗಿ ನಾಚಿಕೆಯಿಲ್ಲದೆ ಉತ್ತರ ಹೇಳಬಲ್ಲಳು.

ಮುಂದಿನ ಜನಗಣತಿಯಲ್ಲಿ ಎಲ್ಲ ಜಾತಿಗಳನ್ನೂ ಎಣಿಸುವುದಾಗಿ ಕೇಂದ್ರ ಸರ್ಕಾರ 2025ರ ಏಪ್ರಿಲ್‌ನಲ್ಲಿ ಪ್ರಕಟಿಸಿತು. ಎಣಿಸಲಿ. ನಾವು ಎಷ್ಟಿದ್ದೇವೆ ಎಂದು ಗೊತ್ತಾಗದೆ ನಮ್ಮ ಪಾಲು ಕೇಳುವುದಾಗುವುದಿಲ್ಲ. ಆದರೆ ಎಣಿಕೆಗೆ ಮುಂಚೆ ನಮ್ಮ ಕೆಲಸವೊಂದಿದೆ. ಕೆ.ಜಿ.ಎಫ್.ನ ಲೈನುಗಳಲ್ಲಿ ಗಣಿಯೊಳಕ್ಕೆ ಇಳಿದು ಬಂದ ಹಿರಿಯರು ಇನ್ನೂ ಇದ್ದಾರೆ, ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಅವರ ಮಾತು ಅವರ ಭಾಷೆಯಲ್ಲೇ ದಾಖಲಾಗಬೇಕು, ಕನ್ನಡಕ್ಕೂ ಬರಬೇಕು. ‘ತಮಿಳನ್’ ಪತ್ರಿಕೆಯ ಬರಹಗಳ ಅನುವಾದ ಆಗಬೇಕು. ಇಗರ್ಜಿಗಳ ದೀಕ್ಷಾಸ್ನಾನದ ಪುಸ್ತಕಗಳಲ್ಲಿ ತಾಯಂದಿರ ಹೆಸರೂ ಬರೆಯುವ ವಾಡಿಕೆಯಿದೆ, ಸೆನ್ಸಸ್ ಕಳಕೊಂಡವರನ್ನು ಅಲ್ಲಿ ಹುಡುಕಬೇಕು. ನಮ್ಮ ಎಂ.ಎ. ವಿದ್ಯಾರ್ಥಿಗಳು ವಿಜಯನಗರದ ಮೇಲೆ ನೂರಾ ಒಂದನೆಯ ಪ್ರಬಂಧ ಬರೆಯುವ ಬದಲು ಮಾರಿಕುಪ್ಪದ ರೈಲು ಹತ್ತಲಿ. ಕನ್ನಡದ ದಲಿತ ಸಂಘಟನೆಗಳು ಆದಿ ಕರ್ನಾಟಕ, ಆದಿ ದ್ರಾವಿಡ ಎಂಬ ಗೋಡೆ ಹಾರಿ ಅಲ್ಲಿ ಒಂದು ಸಭೆ ಮಾಡಲಿ, ತಮಿಳು ಕನ್ನಡ ತೆಲುಗು ಮೂರರಲ್ಲೂ ಮಾತಾಡಲಿ. ಸಭೆಗೆ ಜಾಗ ಸಿಗದಿದ್ದರೆ ಚಿಂತೆಯಿಲ್ಲ. ಲೈನಿನ ಬೀದಿ ಸಾಕಷ್ಟು ಅಗಲವಾಗಿದೆ.